ಕಲಿಸಿಬಿಟ್ಟರೆ ಕೆಟ್ಟೆ

ಕೆಲಸ ಚೆನ್ನಾಗಿ ಮಾಡಿದವನನ್ನು ಮನೆಗೆ ಕಳಿಸಿ, ಕೆಡಿಸಿದವನಿಗೆ ಇನ್ನೆರಡು ವರ್ಷ ಕೊಡುವ ಉದ್ಯೋಗ ಯಾವುದು ಎಂದು ಕೇಳಿದರೆ ನೀವು ಥಟ್ಟನೆ ರಾಜಕೀಯ ಎನ್ನುತ್ತೀರಿ. ಅದಲ್ಲ, ಅಲ್ಲಿ ಐದು ವರ್ಷ ಕೊಡುತ್ತಾರೆ. ನಾನು ಹೇಳುತ್ತಿರುವುದು ಕೊಲ್ಲಿ ದೇಶಗಳಿಗೆ ಹೋಗಿ ಅಲ್ಲಿಯವರಿಗೆ ಕೆಲಸ ಹೇಳಿಕೊಡುವ ಪರದೇಶಿ ತರಬೇತುದಾರನ ಉದ್ಯೋಗದ ವಿಷಯ. ನಿವೃತ್ತಿಗೆ ಮುಂಚಿನ ಕೆಲವು ವರ್ಷ ಸೌದಿ ಅರೇಬಿಯಾದ ಜುಬೈಲಿನಲ್ಲಿ ನಾನು ಆ ಕೆಲಸ ಮಾಡಿದೆ, ಹೆಸರು ಬರುವ ಹಾಗೆ ಮಾಡಿದೆ. ಬಿಟ್ಟು ಬಂದ ದಿನ ನನ್ನ ಕುರ್ಚಿಯಲ್ಲಿ ಕೂರುವಷ್ಟು ಕಲಿತವನು ಅಲ್ಲಿ ಒಬ್ಬನೂ ಇರಲಿಲ್ಲ. ಕೊಚ್ಚಿಯಿಂದ ಇನ್ನೊಬ್ಬರನ್ನು ಕರೆಸಬೇಕಾಯಿತು.

ಐವತ್ತು ದಾಟಿದ ಮೇಲೆ ಕಾರ್ಖಾನೆಯ ಮನುಷ್ಯನಿಗೆ ಇರುವುದು ಎರಡೇ ದಾರಿ. ಯಂತ್ರದ ಪಕ್ಕದಲ್ಲೇ ನಿಂತು ಮಂಡಿ ಸವೆಸಿಕೊಳ್ಳುವುದು ಒಂದು, ಯಂತ್ರದ ಬಗ್ಗೆ ಭಾಷಣ ಮಾಡುವುದು ಇನ್ನೊಂದು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಪಂಪು, ಕಂಪ್ರೆಸರ್‌ಗಳ ಜೊತೆ ಸಂಸಾರ ಮಾಡಿದ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡು ಎರಡನೆಯದಕ್ಕೆ ಬಿದ್ದೆ. ಕಾರಣ ಸರಳ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ನನಗೆ ಬರಬಹುದಾದ ಮೊತ್ತವನ್ನು ಗುಮಾಸ್ತರು ಚೀಟಿಯಲ್ಲಿ ಬರೆದು ತೋರಿಸಿದಾಗ ಅದು ದಿನಕ್ಕೋ ತಿಂಗಳಿಗೋ ಎಂದು ಕೇಳಬೇಕೆನಿಸಿತು. ಆ ಯೋಜನೆಯ ಕನಿಷ್ಠ ಪಿಂಚಣಿ 2014ರಲ್ಲಿ ತಿಂಗಳಿಗೆ 1000 ರೂಪಾಯಿಗೆ ಏರಿದೆ. ಏರುವ ಮುಂಚೆ ಎಷ್ಟಿತ್ತು ಎಂದು ಕೇಳಬೇಡಿ.

ಅತ್ತ ಸೌದಿಯಲ್ಲಿ ನನ್ನಂಥವರಿಗಾಗಿಯೇ ಒಂದು ಕಾನೂನು ಸಿದ್ಧವಾಗಿತ್ತು. 2011ರಲ್ಲಿ ಅಲ್ಲಿಯ ಕಾರ್ಮಿಕ ಸಚಿವಾಲಯ ನಿತಾಖಾತ್ ಎಂಬ ವ್ಯವಸ್ಥೆ ತಂದು ಖಾಸಗಿ ಕಂಪನಿಗಳಿಗೆಲ್ಲ ಬಣ್ಣ ಬಳಿಯಿತು. ತನ್ನ ದೇಶದವರನ್ನು ಬೇಕಾದಷ್ಟು ಇಟ್ಟುಕೊಂಡ ಕಂಪನಿ ಹಸಿರು, ಇನ್ನೂ ಧಾರಾಳವಾಗಿ ಇಟ್ಟುಕೊಂಡದ್ದು ಪ್ಲಾಟಿನಂ, ಅಂಚಿನಲ್ಲಿ ತೂಗಾಡುತ್ತಿದ್ದದ್ದು ಹಳದಿ, ಮಿಕ್ಕಿದ್ದು ಕೆಂಪು. ಕೆಂಪಿಗೆ ಬಿದ್ದರೆ ಹೊಸ ವೀಸಾ ಇಲ್ಲ, ಇದ್ದ ಹೊರದೇಶದವರ ಇಕಾಮಾ, ಅಂದರೆ ವಾಸದ ಪರವಾನಗಿಯ ನವೀಕರಣವೂ ಇಲ್ಲ. ಸಾಲದ್ದಕ್ಕೆ ಹಸಿರು ಕಂಪನಿಯವನು ಬಂದು ಕೆಂಪು ಕಂಪನಿಯ ಆಳುಗಳನ್ನು ಧಣಿಯ ಒಪ್ಪಿಗೆ ಕೇಳದೆ ಕರೆದುಕೊಂಡು ಹೋಗಬಹುದಿತ್ತು. ಇನ್ನು ಆಗ ತಲೆ ಎಣಿಸುತ್ತಿದ್ದ ಕ್ರಮ ಕೇಳಿ: 3000 ರಿಯಾಲ್ ಸಂಬಳದ ಸೌದಿ ಪ್ರಜೆ ಒಬ್ಬ ಮನುಷ್ಯ, ಅದಕ್ಕಿಂತ ಕಡಿಮೆಯವನು ಅರ್ಧ ಮನುಷ್ಯ, 1500ಕ್ಕಿಂತ ಕೆಳಗಿನವನು ಲೆಕ್ಕಕ್ಕೇ ಇಲ್ಲ. 2021ರಲ್ಲಿ ಪೂರ್ತಿ ಮನುಷ್ಯನ ದರ 4000ಕ್ಕೆ ಏರಿತು. ಮನುಷ್ಯನ ಬೆಲೆ ಇಷ್ಟು ಖಚಿತವಾಗಿ ಬರೆದಿಟ್ಟ ಕಾಗದ ನಮ್ಮ ದೇಶದಲ್ಲಿ ಮದುವೆ ಮಾತುಕತೆಯ ಹೊರಗೆ ನಾನು ಕಂಡಿಲ್ಲ.

ಕಂಪನಿಗಳು ಏನು ಮಾಡಿದವು? ಬುದ್ಧಿವಂತರು ಎಲ್ಲ ಊರಲ್ಲೂ ಮಾಡುವುದನ್ನೇ ಮಾಡಿದವು. ಪೂರ್ತಿ ಮನುಷ್ಯರ ಹೆಸರುಗಳನ್ನು ಹಾಜರಿ ಪುಸ್ತಕಕ್ಕೆ ಹತ್ತಿಸಿ, ಮನೆಗೇ ಸಂಬಳ ಕಳಿಸಿಕೊಟ್ಟವು. ಹುಡುಗ ಮನೆಯಲ್ಲಿ, ಹೆಸರು ಕಂಪನಿಯಲ್ಲಿ, ಬಣ್ಣ ಹಸಿರು. ಇದು ಅತಿಯಾದಾಗ ಸರ್ಕಾರ ದಂಡ ಹಾಕಲು ಶುರು ಮಾಡಿತು. ಇನ್‌ಸ್ಪೆಕ್ಟರ್ ಬಂದು 'ಈ ಹದಿನಾಲ್ಕು ಮಂದಿ ಏನು ಕೆಲಸ ಮಾಡುತ್ತಾರೆ?' ಎಂದರೆ ಉತ್ತರ ಬೇಕಲ್ಲ? 'ತರಬೇತಿಯಲ್ಲಿದ್ದಾರೆ.' ತರಬೇತಿಯಲ್ಲಿದ್ದಾರೆ ಎಂದ ಮೇಲೆ ಒಂದು ಕೋಣೆ ಬೇಕು, ಒಂದು ಪ್ರೊಜೆಕ್ಟರ್ ಬೇಕು, ಪ್ರೊಜೆಕ್ಟರ್ ಪಕ್ಕದಲ್ಲಿ ತಲೆ ನರೆತ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ನಾನು. ತರಬೇತಿಯ ಅವಧಿಯಲ್ಲಿ ಹುಡುಗರ ಸಂಬಳದ ಒಂದು ಪಾಲನ್ನು ಸರ್ಕಾರದ ಮಾನವ ಸಂಪನ್ಮೂಲ ಅಭಿವೃದ್ಧಿ ನಿಧಿಯೇ ಕಟ್ಟಿಕೊಡುತ್ತದೆ. ಅಂದಮೇಲೆ ತರಬೇತಿ ಬೇಗ ಮುಗಿಯಲಿ ಎಂದು ಹಾರೈಸುವವರು ಯಾರು? ಕಂಪನಿಗೆ ಬೇಡ, ಹುಡುಗರಿಗೆ ಬೇಡ, ನನಗಂತೂ ಬೇಡವೇ ಬೇಡ.

ವೀಸಾ ಬಂದದ್ದು 'ಕಾಂಕ್ರೀಟ್ ಕಾರ್ಮಿಕ' ಎಂದು. ಏಜೆಂಟರ ಹತ್ತಿರ ಉಳಿದಿದ್ದದ್ದು ಆ ವೃತ್ತಿಯ ವೀಸಾ ಮಾತ್ರ. ಪದವಿ ಪತ್ರಕ್ಕೆ ರಾಜ್ಯದ ಮೊಹರು, ದೆಹಲಿಯ ಮೊಹರು, ರಾಯಭಾರ ಕಚೇರಿಯ ಮೊಹರು ಎಲ್ಲ ಬಿದ್ದು, ಮೂಲ ಅಕ್ಷರ ಕಾಣದಷ್ಟು ಪ್ರಮಾಣೀಕೃತವಾದ ಮೇಲೆ ನಾನು ಕಾಂಕ್ರೀಟ್ ಕಾರ್ಮಿಕನಾಗಿ ಇಳಿದೆ. ದಮ್ಮಾಮ್ ವಿಮಾನದಲ್ಲಿ ಪಕ್ಕದ ಸೀಟಿನ ಮಂಗಳೂರಿನ ಹುಡುಗ ನಿಜವಾದ ವೆಲ್ಡರ್. ಅವನ ವೀಸಾದಲ್ಲಿ 'ಕುರಿ ಕಾಯುವವ' ಎಂದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ನೋಡಿಕೊಂಡೆವು.

ಜುಬೈಲ್ ನೋಡಿದವರಿಗೆ ಗೊತ್ತು, ಅದು ಊರಲ್ಲ, ಪೈಪು. ಮೀನು, ಮುತ್ತು ಹಿಡಿಯುತ್ತಿದ್ದ ಕಡಲತಡಿಯ ಹಳ್ಳಿಯನ್ನು 1975ರಲ್ಲಿ ರಾಯಲ್ ಕಮಿಷನ್ ಎಂಬ ಸಂಸ್ಥೆ ಕಟ್ಟಿ ಅದರ ಕೈಗೆ ಕೊಟ್ಟರು. ಈಗ ಕಣ್ಣು ಹಾಯಿಸಿದಷ್ಟೂ ಸಂಸ್ಕರಣಾಗಾರ, ಗೊಬ್ಬರದ ಕಾರ್ಖಾನೆ, ಉರಿಯುವ ಚಿಮಣಿ. ಅಲ್ಲಿ ತಿರುಗುವ ಪಂಪುಗಳ ಲೆಕ್ಕ ದೇವರಿಗೇ ಗೊತ್ತಿರಬೇಕು, ಅವುಗಳ ಮುಂದೆ ಕೂತವರು ಮಾತ್ರ ಮಲಯಾಳಿ, ತಮಿಳ, ಫಿಲಿಪಿನೊ, ನೇಪಾಳಿ, ನಡುನಡುವೆ ನಮ್ಮ ಕರಾವಳಿಯವರು.

ಒಂದು ವಿಷಯ ನಾನು ಅಲ್ಲಿಗೆ ಹೋದ ವಾರದಲ್ಲೇ ತಿಳಿಯಿತು. ಅಲ್ಲಿ ಸಂಬಳ ಕೊಡುವುದು ಮನುಷ್ಯನಿಗಲ್ಲ, ಪಾಸ್‌ಪೋರ್ಟಿಗೆ. ನನ್ನ ಪಕ್ಕದ ಕೋಣೆಯಲ್ಲಿ ಸ್ಕಾಟ್ಲೆಂಡಿನವರೊಬ್ಬರು ಪಾಠ ಮಾಡುತ್ತಿದ್ದರು, ಉತ್ತರ ಸಮುದ್ರದ ತೈಲ ಬಾವಿಗಳಲ್ಲಿ ದುಡಿದವರು, ನನ್ನ ಹಾಗೆಯೇ ನಿವೃತ್ತಿಯ ಹೊಸ್ತಿಲಲ್ಲಿ ನಿಂತವರು. ಅವರದೂ ನನ್ನದೂ ಅದೇ ಸ್ಲೈಡು. ಹದಿನೇಳನೇ ಸ್ಲೈಡಿನ ಕಾಗುಣಿತದ ತಪ್ಪೂ ಅದೇ. ಸಂಬಳ ನನ್ನ ಮೂರು ಪಟ್ಟು. ಅವರ ಕೆಳಗೆ ದಕ್ಷಿಣ ಆಫ್ರಿಕಾದವರು, ಅವರ ಕೆಳಗೆ ಈಜಿಪ್ಟ್, ಜೋರ್ಡಾನಿನವರು, ಆಮೇಲೆ ನಾನು. ಎಚ್‌ಆರ್‌ನವರನ್ನು ಕೇಳಿದೆ. ಅವರೂ ನಮ್ಮ ದೇಶದವರೇ, ಹೈದರಾಬಾದಿನವರು, ಬಹಳ ಸೌಜನ್ಯದಿಂದ 'ಮಾರ್ಕೆಟ್ ರೇಟ್ ಸರ್' ಎಂದರು. ಜಾತಿ ಪದ್ಧತಿಯ ಬಗ್ಗೆ ಇಷ್ಟು ಚುಟುಕಾದ ವ್ಯಾಖ್ಯಾನವನ್ನು ನಾನು ಊರಿನಲ್ಲೂ ಕೇಳಿರಲಿಲ್ಲ. ನನ್ನ ಕೆಳಗೆ ಫಿಲಿಪಿನೊ, ಬಾಂಗ್ಲಾದವರು ಇದ್ದಾರೆಂದು ತಿಳಿದ ಮೇಲೆ ನನಗೂ ಈ ಪದ್ಧತಿಯಲ್ಲಿ ತೀರಾ ದೋಷವೇನೂ ಕಾಣಲಿಲ್ಲ.

ನನ್ನ ಮೊದಲ ತರಗತಿ ಮಾತ್ರ ಸೌದಿ ಹುಡುಗರದ್ದಲ್ಲ, ಕೂಲಿಗಳದ್ದು. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಯಾರನ್ನೂ ಬಿಸಿಲಿನಲ್ಲಿ ದುಡಿಸುವಂತಿಲ್ಲ, ಕಾನೂನು. ಆ ಮೂರು ಗಂಟೆ ವ್ಯರ್ಥವಾಗುವುದೇಕೆ ಎಂದು ಕಂಪನಿ ಅದನ್ನು ನನಗೆ ಕೊಟ್ಟಿತು. ವಿಷಯ: ಬಿಸಿಲಿನ ಹೊಡೆತದಿಂದ ಪಾರಾಗುವುದು ಹೇಗೆ. ಪೋರ್ಟಾ ಕ್ಯಾಬಿನ್ನಿನಲ್ಲಿ ಎಸಿ 18ಕ್ಕೆ ಇಟ್ಟಿತ್ತು. ನೇಪಾಳ, ಬಿಹಾರ, ಬಾಂಗ್ಲಾದ ನಲವತ್ತು ಮಂದಿ ಹೆಲ್ಮೆಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದುಕೊಂಡು ಗಾಢವಾಗಿ ನಿದ್ರಿಸುತ್ತಿದ್ದರು. ನೀರು ಕುಡಿಯಬೇಕು, ನೆರಳಿನಲ್ಲಿ ನಿಲ್ಲಬೇಕು, ಮೂತ್ರ ಯಾವ ಬಣ್ಣಕ್ಕೆ ತಿರುಗಿದರೆ ಅಪಾಯ ಎಂದು ನಾನು ಬಣ್ಣದ ಪಟ್ಟಿ ತೋರಿಸಿ ವಿವರಿಸುತ್ತಿದ್ದೆ. ಎಚ್ಚರವಿದ್ದ ಒಬ್ಬ ಕೈಯೆತ್ತಿ, 'ಸಾಬ್, ನೆರಳು ಎಲ್ಲಿದೆ?' ಎಂದು ಕೇಳಿದ. ಪೈಪ್‌ಲೈನ್ ಹಾಯುವ ಆ ಬಯಲಿನಲ್ಲಿ ನೆರಳು ಕೊಡುವ ವಸ್ತು ಎಂದರೆ ಅವನು ಒಬ್ಬನೇ. 'ಅದು ಈ ಮಾಡ್ಯೂಲ್‌ನಲ್ಲಿ ಬರುವುದಿಲ್ಲ' ಎಂದೆ. ಮೂರು ಗಂಟೆಗೆ ಸರಿಯಾಗಿ ಎಲ್ಲರ ಸಹಿ ಹಾಕಿಸಿಕೊಂಡು ಬಿಸಿಲಿಗೆ ಬಿಟ್ಟೆ. ಆ ಸಹಿಯ ಹಾಳೆಯೇ ತರಬೇತಿಯ ಸಾರ. ನಾಳೆ ಅವನು ಕುಸಿದು ಬಿದ್ದರೆ ಕಂಪನಿ ಆಸ್ಪತ್ರೆಗಿಂತ ಮೊದಲು ಆ ಹಾಳೆಯನ್ನು ಹುಡುಕುತ್ತದೆ. 'ನಾವು ಹೇಳಿದ್ದೆವು, ನೋಡಿ, ಇಲ್ಲಿ ಸಹಿ ಹಾಕಿದ್ದಾನೆ.'

ಸಹಿ ಆದ ಮೇಲೆ ಅಳತೆ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಪ್ರೊಫೆಸರರು 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿಟ್ಟಿದ್ದಾರೆ. ಬಂದವರಿಗೆ ಹಿಡಿಸಿತೇ, ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಅದರಿಂದ ಸಂಸ್ಥೆಗೆ ಏನಾದರೂ ಆಯಿತೇ. ಅರವತ್ತು ವರ್ಷ ಕಳೆದರೂ ನಮ್ಮ ವೃತ್ತಿ ಮೊದಲ ಮೆಟ್ಟಿಲಿನಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ತರಗತಿ ಮುಗಿದಾಗ ಒಂದು ಫಾರಂ ಹಂಚುತ್ತೇವೆ, ಅದರಲ್ಲಿ ಐದು ಮುಖ: ಅಳುವುದರಿಂದ ಹಿಡಿದು ಹಲ್ಲು ಕಿರಿಯುವವರೆಗೆ. ಮಧ್ಯಾಹ್ನದ ಕಬ್ಸಾ ಅನ್ನದಲ್ಲಿ ಕುರಿಮಾಂಸ ಇದ್ದ ದಿನ ಎಲ್ಲರೂ ಹಲ್ಲು ಕಿರಿಯುವ ಮುಖಕ್ಕೆ ಗುರುತು ಹಾಕುತ್ತಾರೆ, ಕೋಳಿ ಇದ್ದ ದಿನ ನನ್ನ ಬೋಧನಾ ಸಾಮರ್ಥ್ಯ ಶೇಕಡಾ ಹತ್ತು ಇಳಿಯುತ್ತದೆ. ಎರಡನೇ ಮೆಟ್ಟಿಲಿಗೂ ಉಪಾಯವಿದೆ. ಬೆಳಿಗ್ಗೆಯ ಪರೀಕ್ಷೆಯಲ್ಲಿ ನನಗೇ ಬಾರದ ಪ್ರಶ್ನೆ ಕೇಳಬೇಕು, ಸಂಜೆಯ ಪರೀಕ್ಷೆಯಲ್ಲಿ 'ಹೆಲ್ಮೆಟ್ಟನ್ನು ಎಲ್ಲಿ ಧರಿಸಬೇಕು?' ಎಂದು ಕೇಳಬೇಕು. ಗ್ರಾಫು ಬಾಣದ ಹಾಗೆ ಮೇಲಕ್ಕೆ ಹೋಗುತ್ತದೆ. ಆ ಗ್ರಾಫನ್ನು ರಿಯಾದ್‌ನ ಮುಖ್ಯ ಕಚೇರಿಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ್ದರೆಂದು ಕೇಳಿದ್ದೇನೆ.

ಇನ್ನು ನಮ್ಮವರು. ಪಂಪ್ ಹೌಸಿನ ಫೋರ್‌ಮನ್ ತ್ರಿಶೂರಿನ ಕಡೆಯವರು, ಬಂದ ಕಾಲದಲ್ಲಿ ಕಪ್ಪು ಕೂದಲಿತ್ತಂತೆ. ಸೌದಿ ಹುಡುಗರನ್ನು ಅವರ ಕೈಕೆಳಗೆ ಪ್ರಾಯೋಗಿಕ ಕಲಿಕೆಗೆ ಬಿಡುತ್ತಿದ್ದೆ. ಅವರು ಪ್ರೀತಿಯಿಂದ ಎಲ್ಲ ತೋರಿಸುತ್ತಿದ್ದರು, ಬೋಲ್ಟು ಬಿಚ್ಚುವುದು, ಕೇಸಿಂಗ್ ಎತ್ತುವುದು, ಹಳೆ ಸೀಲ್ ತೆಗೆದು ಶಾಫ್ಟ್ ಒರೆಸುವುದು. ಹೊಸ ಮೆಕ್ಯಾನಿಕಲ್ ಸೀಲ್ ಡಬ್ಬಿಯಿಂದ ಹೊರಬಂದು, ಅದರ ಕನ್ನಡಿಯಂಥ ಮುಖಕ್ಕೆ ಬೆರಳು ತಾಗದಂತೆ ಹಿಡಿದು, ಸ್ಪ್ರಿಂಗಿನ ಒತ್ತಡಕ್ಕೆ ಅಳತೆ ಹಾಕುವ ಗಳಿಗೆ ಬಂದಾಗ ಮಾತ್ರ ಅವರಿಗೆ ಚಹಾ ನೆನಪಾಗುತ್ತಿತ್ತು. 'ಮೋನೆ, ಎಲ್ಲರಿಗೂ ಒಂದೊಂದು ಚಹಾ ತಾ.' ಹುಡುಗರು ಚಹಾ ತರುವಷ್ಟರಲ್ಲಿ ಪಂಪು ಮುಚ್ಚಿರುತ್ತಿತ್ತು. ವರ್ಷಗಟ್ಟಲೆ ಕಲಿತ ಆ ಹುಡುಗರು ಜುಬೈಲಿನಲ್ಲೇ ಒಳ್ಳೆಯ ಚಹಾ ಎಲ್ಲಿ ಸಿಗುತ್ತದೆಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ನಾನು ಫೋರ್‌ಮನ್ನರನ್ನು ಆಕ್ಷೇಪಿಸಲಿಲ್ಲ. ಮೂರು ಹೆಣ್ಣುಮಕ್ಕಳ ಮದುವೆಯ ಜವಾಬ್ದಾರಿ ಇದ್ದವರು ಅವರು. ಆ ಸೀಲಿನ ಅಳತೆಯೊಂದೇ ಅವರ ಆಸ್ತಿ.

ಕೆಟ್ಟದ್ದು ಆದದ್ದು ಅಲ್-ಹಸಾ ಕಡೆಯಿಂದ ಬಂದ ಒಬ್ಬ ಹುಡುಗನಿಂದ. ಅಪ್ಪನಿಗೆ ಖರ್ಜೂರದ ತೋಟ. ಚಹಾ ತರಲು ಕಳಿಸಿದರೆ ಇನ್ನೊಬ್ಬನ ಕೈಗೆ ದುಡ್ಡು ಕೊಟ್ಟು ಇವನು ಪಂಪಿನ ಹತ್ತಿರವೇ ನಿಲ್ಲುತ್ತಿದ್ದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಒಂದು ದಿನ ನನ್ನ ಕೈಯಲ್ಲಿದ್ದ ಉದ್ದನೆಯ ಸ್ಕ್ರೂಡ್ರೈವರ್ ನೋಡಿ, ಇದನ್ನೇಕೆ ಯಾವಾಗಲೂ ಹಿಡಿದುಕೊಂಡಿರುತ್ತೀರಿ ಎಂದ. ಹಳೆ ಕಾರ್ಖಾನೆಯವರಿಗೆ ಗೊತ್ತಿರುವ ವಿದ್ಯೆ ಅದು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಗೂಡಿನ ಮೇಲೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿದರೆ ಒಳಗೆ ಏನು ನಡೆದಿದೆ ಎಂಬುದು ತಲೆಯೊಳಗೇ ಕೇಳಿಸುತ್ತದೆ. ಆರೋಗ್ಯದ ಬೇರಿಂಗ್ ಒಂದೇ ಸಮನೆ ಗುಂಯ್ ಎನ್ನುತ್ತಿರುತ್ತದೆ. ಗ್ರೀಸ್ ಒಣಗಿದ್ದರೆ ಸಣ್ಣ ಕೀರಲು. ಗುಂಡು ಉರುಳುವ ಹಳಿಯಲ್ಲಿ ಚಕ್ಕೆ ಎದ್ದಿದ್ದರೆ ಟಕ್, ಟಕ್, ಟಕ್, ತಾಳ ತಪ್ಪದೆ. ಅವನು ಕೇಳಿದ. ಮರುದಿನ ಬಂದು ಮತ್ತೆ ಕೇಳಿದ. ಊಟದ ಬಿಡುವಿನಲ್ಲಿ ಸಾಲಾಗಿ ನಿಂತ ಎಲ್ಲ ಪಂಪುಗಳಿಗೂ ತಲೆ ಕೊಟ್ಟು ನಿಂತಿರುತ್ತಿದ್ದ. ತಿಂಗಳಾಗುವಷ್ಟರಲ್ಲಿ, ಕಂಪನ ಅಳೆಯುವ ಯಂತ್ರ ಹಸಿರು ದೀಪ ತೋರಿಸುತ್ತಿದ್ದ ಒಂದು ಪಂಪನ್ನು ತೋರಿಸಿ, 'ಎರಡನೆಯದು, ಮೋಟಾರಿನ ಆಚೆ ಬದಿಯದು ಹೋಗಿದೆ' ಎಂದುಬಿಟ್ಟ. ಬಿಚ್ಚಿದರೆ ಹೊರಬಳೆಯಲ್ಲಿ ಉಗುರಿನಗಲ ಚಕ್ಕೆ ಎದ್ದಿತ್ತು.

ವಿಷಯ ಎಲ್ಲ ಕಡೆ ಹರಡಿತು. ಆರು ವಾರದೊಳಗೆ ದೊಡ್ಡದೊಂದು ತೈಲ ಕಂಪನಿ ಒಂದೂವರೆ ಪಟ್ಟು ಸಂಬಳ ಕೊಟ್ಟು ಅವನನ್ನು ಕರೆದುಕೊಂಡು ಹೋಯಿತು. ಅಂಚಿನಲ್ಲಿದ್ದ ನಮ್ಮ ಕಂಪನಿ ಒಬ್ಬ ಪೂರ್ತಿ ಮನುಷ್ಯ ಕಡಿಮೆಯಾದ ಕೂಡಲೇ ಹಸಿರಿನಿಂದ ಹಳದಿಗೆ ಜಾರಿತು. ಮ್ಯಾನೇಜರ್ ನನ್ನನ್ನು ಕರೆಸಿದರು. ಗ್ವಾಟೆಮಾಲಾದ ಏಲಕ್ಕಿ ಹಾಕಿದ ಗಹ್ವಾ ಕಾಫಿ ಕೊಟ್ಟರು, ಖರ್ಜೂರ ಕೊಟ್ಟರು, ಆಮೇಲೆ ಬಹಳ ನೊಂದ ದನಿಯಲ್ಲಿ ಕೇಳಿದರು: 'ಅವನಿಗೆ ಕಲಿಸು ಅಂತ ನಿಮಗೆ ಯಾರು ಹೇಳಿದರು?'

ಮುಂದಿನ ಕರಾರಿನಲ್ಲಿ ನನ್ನನ್ನು ಪಂಪಿನಿಂದ ಬಿಡಿಸಿ ವ್ಯಕ್ತಿತ್ವ ವಿಕಸನಕ್ಕೆ ಹಾಕಿದರು. ಸಮಯ ನಿರ್ವಹಣೆ, ತಂಡ ಕಟ್ಟುವುದು, ನಾಯಕತ್ವ. ಇವುಗಳಲ್ಲಿರುವ ಅನುಕೂಲ ಎಂದರೆ ಯಾರೂ ಏನನ್ನೂ ಕಲಿಯುವ ಅಪಾಯವಿಲ್ಲ. ಬೇಯಿಸದ ಸ್ಪಗೆಟ್ಟಿ ಕಡ್ಡಿ ಮತ್ತು ಅಂಟು ಪಟ್ಟಿ ಕೊಟ್ಟು ಗೋಪುರ ಕಟ್ಟಿಸುತ್ತಿದ್ದೆ. ಗೋಪುರ ಬಿದ್ದರೆ 'ಇದರಿಂದ ಏನು ಕಲಿತಿರಿ?' ಎಂದು ಕೇಳುತ್ತಿದ್ದೆ, ನಿಂತರೂ ಅದನ್ನೇ ಕೇಳುತ್ತಿದ್ದೆ. ಕಣ್ಣೆದುರೇ ಮೂವತ್ತು ಮಹಡಿಯಷ್ಟು ಎತ್ತರದ ಡಿಸ್ಟಿಲೇಷನ್ ಗೋಪುರ ಕಿಟಕಿಯಲ್ಲಿ ಕಾಣುತ್ತಿತ್ತು, ಅದು ಹೇಗೆ ಕೆಲಸ ಮಾಡುತ್ತದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಂಪನಿ ಮತ್ತೆ ಹಸಿರಾಯಿತು.

ನೆಮ್ಮದಿಗೆ ಭಂಗ ತಂದವರು ಹೆಣ್ಣುಮಕ್ಕಳು. 2016ರಲ್ಲಿ ಅಲ್ಲಿಯ ಸರ್ಕಾರದ ಸುಧಾರಣಾ ಯೋಜನೆ ವಿಷನ್ 2030 ಬಂತು, 2018ರಲ್ಲಿ ಹೆಂಗಸರು ಕಾರು ಓಡಿಸಬಹುದು ಎಂದಾಯಿತು, ಹಿಂದೆಯೇ ಅವರು ಕಾರು ಓಡಿಸಿಕೊಂಡು ನನ್ನ ತರಗತಿಗೇ ಬಂದುಬಿಟ್ಟರು. ಮುಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. 'ಈ ಅಂಕಿ ಎಲ್ಲಿಂದ ಬಂತು?', 'ಹೋದ ವಾರ ನೀವು ಬೇರೆ ಹೇಳಿದ್ದಿರಿ' ಎನ್ನುತ್ತಿದ್ದರು. ಹದಿನೇಳನೇ ಸ್ಲೈಡಿನ ಕಾಗುಣಿತ ತಿದ್ದಿದ್ದು ಅವರಲ್ಲಿ ಒಬ್ಬಳು. ವಿಷನ್ 2030 ಘೋಷಣೆಯಾದಾಗ ಅಲ್ಲಿಯ ಪ್ರಜೆಗಳ ನಿರುದ್ಯೋಗ ಶೇ 11.6 ಇತ್ತು, 2024ರ ಕೊನೆಗೆ ಅದು ಶೇ 7ಕ್ಕೆ ಇಳಿಯಿತು. ನಾವೆಲ್ಲ ಅಷ್ಟು ನಿಷ್ಠೆಯಿಂದ ಕಲಿಸದೇ ಇದ್ದರೂ ಅವರು ಕಲಿತುಬಿಟ್ಟರು. ಕೃತಜ್ಞತೆ ಇಲ್ಲದ ಕಾಲ.

ಅಷ್ಟರಲ್ಲಿ ಬದುಕೂ ದುಬಾರಿಯಾಗುತ್ತ ಬಂದಿತ್ತು. 2017ರ ಜುಲೈಯಿಂದ ಹೊರದೇಶದವರ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿದರು, ವರ್ಷವರ್ಷವೂ ನೂರು ನೂರು ಏರಿಸಿ 2020ಕ್ಕೆ 400 ಮಾಡಿದರು. ನನ್ನ ಜೊತೆಗಿದ್ದ ಹೆಂಡತಿ, ಮಗಳು ಇಬ್ಬರಿಗೂ ಸೇರಿ ವರ್ಷಕ್ಕೆ 9600 ರಿಯಾಲ್. ರಿಯಾಲಿಗೆ ಇಪ್ಪತ್ತು ರೂಪಾಯಿ ಹಿಡಿದರೂ ಎರಡು ಲಕ್ಷದ ಹತ್ತಿರ. ಅದೂ ಮುಂಗಡ. ಮೂವತ್ತು ವರ್ಷದ ದಾಂಪತ್ಯಕ್ಕೆ ಹೀಗೆ ಬಾಡಿಗೆ ಕಟ್ಟುವುದು ಸರಿಯೇ ಎಂದು ಮನೆಯಲ್ಲಿ ಚರ್ಚೆಯಾಯಿತು. ಸರಿಯಲ್ಲ ಎಂದು ಇಬ್ಬರೂ ಅನುಮಾನ ಹುಟ್ಟಿಸುವಷ್ಟು ಬೇಗ ಒಪ್ಪಿಕೊಂಡೆವು. ಅವರು ಊರಿಗೆ ಬಂದರು, ಕಂಪನಿ ನನ್ನನ್ನು ಬ್ಯಾಚುಲರ್ ವಸತಿಗೆ ಹಾಕಿತು. ಐವತ್ತೆಂಟರ ಬ್ಯಾಚುಲರ್, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇವೆಲ್ಲ ಇದ್ದ ಎಂಟು ಮಂದಿ ಬ್ಯಾಚುಲರ್‌ಗಳ ನಡುವೆ ಅನ್ನ ಸಾರು ಮಾಡಿಕೊಂಡು ಇದ್ದೆ.

ಹಾಗಿದ್ದರೆ ಬಿಟ್ಟು ಬರಬಹುದಿತ್ತಲ್ಲ ಎನ್ನುತ್ತೀರಿ. ಅಲ್ಲಿಯ ಕಾರ್ಮಿಕ ಕಾನೂನು ಓದಿಲ್ಲ ನೀವು. ಹೊರದೇಶದವನಿಗೆ ಪಿಂಚಣಿ ಇಲ್ಲ, ಸೇವಾಂತ್ಯದ ಇಡುಗಂಟು ಇದೆ: ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಪೂರ್ತಿ ತಿಂಗಳದ್ದು. ನೀವಾಗಿ ರಾಜೀನಾಮೆ ಕೊಟ್ಟರೆ ಎರಡು ವರ್ಷದೊಳಗೆ ಏನೂ ಇಲ್ಲ, ಐದರೊಳಗೆ ಮೂರನೇ ಒಂದು, ಹತ್ತರೊಳಗೆ ಮೂರನೇ ಎರಡು. ಆದ್ದರಿಂದ ಕೊಲ್ಲಿಯಲ್ಲಿ ಯಾರೂ ರಾಜೀನಾಮೆ ಕೊಡುವುದಿಲ್ಲ. ತೆಗೆದುಹಾಕುವ ತನಕ ನಗುತ್ತ ಕಾಯುತ್ತಾರೆ. ನನಗೆ ಅರವತ್ತಾದಾಗ ಕಂಪನಿ ಒಂದು ಫಲಕ ಕೊಟ್ಟು ಬೀಳ್ಕೊಟ್ಟಿತು. ಫಲಕದಲ್ಲಿ ನನ್ನ ಹೆಸರು ತಪ್ಪಾಗಿದೆ, ಹುದ್ದೆ ಸರಿಯಾಗಿದೆ.

ಮಗ ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದಾನೆ. ನಾನು ಬಂದ ಹೊಸದರಲ್ಲಿ ರಾತ್ರಿ ಹತ್ತಕ್ಕೆ ಅವನಿಗೆ ಅಮೆರಿಕದಿಂದ ಪಾಠ ನಡೆಯುತ್ತಿತ್ತು. ಅಲ್ಲಿಯ ಒಬ್ಬರು ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸವನ್ನು ಇವನಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಹೇಳಿ ಮುಗಿದ ಮೇಲೆ ಅವರ ಕೆಲಸ ಹೋಗುತ್ತದೆ, ಅದು ಅವರಿಗೂ ಗೊತ್ತು. ಇದು ಹೊಸದೇನಲ್ಲ. ಫ್ಲಾರಿಡಾದ ಓರ್ಲಾಂಡೊದಲ್ಲಿ ಡಿಸ್ನಿ ಸಂಸ್ಥೆ ಸುಮಾರು 250 ತಂತ್ರಜ್ಞರನ್ನು ತೆಗೆದ ಸಂಗತಿ 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು; ಅವರಲ್ಲಿ ಹಲವರು ಹೊರಡುವ ಮುಂಚೆ, ಎಚ್-1ಬಿ ವೀಸಾದಲ್ಲಿ ಬಂದ ನಮ್ಮವರಿಗೆ ಕೆಲಸ ಕಲಿಸಿಕೊಟ್ಟು ಹೋಗಬೇಕಾಗಿತ್ತು. ನಾನು ಮಗನ ಪಕ್ಕ ಕೂತು ಕೇಳಿದೆ. ಆ ಮನುಷ್ಯ ಒಂದೂ ಮುಚ್ಚಿಡದೆ ಹೇಳುತ್ತಿದ್ದ. ಎಲ್ಲಿ ಕೆಡುತ್ತದೆ, ಕೆಟ್ಟರೆ ಯಾವ ಫೈಲು ನೋಡಬೇಕು, ಪಾಸ್‌ವರ್ಡ್ ಯಾವ ಹಾಳೆಯಲ್ಲಿದೆ. ಒಂದು ಸಲವೂ ಚಹಾ ತರಲು ಕಳಿಸಲಿಲ್ಲ. ಮನಸ್ಸಿಗೆ ಬಹಳ ಕಷ್ಟವಾಯಿತು. ಅಷ್ಟು ಮುಂದುವರಿದ ದೇಶದಲ್ಲಿ ಆತನಿಗೆ ತರಬೇತಿ ಕೊಟ್ಟವರು ಯಾರೂ ಇರಲಿಲ್ಲವೇ?

ಬೆಂಗಳೂರು ನಾನು ಬಿಟ್ಟು ಹೋದ ಬೆಂಗಳೂರಾಗಿ ಉಳಿದಿರಲಿಲ್ಲ. ಅಪಾರ್ಟ್‌ಮೆಂಟಿನ ಕಾವಲುಗಾರ ಅಸ್ಸಾಮಿನವನು, ಲಿಫ್ಟಿನವನು ಬಿಹಾರದವನು, ನೀರಿನ ಪಂಪು ನೋಡಿಕೊಳ್ಳುವವನು ಒಡಿಶಾದ ಕೇಂದ್ರಾಪಾಡಾದವನು. ಆ ಜಿಲ್ಲೆಯಲ್ಲಿ ಪ್ಲಂಬರ್ ಆಗದೆ ಉಳಿದವರು ಇದ್ದಾರೋ ಇಲ್ಲವೋ. ಹೊರಗಿನಿಂದ ಬಂದವರು ನಮ್ಮವರ ಅನ್ನಕ್ಕೆ ಕೈ ಹಾಕುವುದನ್ನು ನೋಡಿ ನನ್ನ ರಕ್ತ ಕುದಿಯಿತು. ಕನ್ನಡಿಗರ ಉದ್ಯೋಗಕ್ಕಾಗಿ ಸರೋಜಿನಿ ಮಹಿಷಿಯವರು 58 ಶಿಫಾರಸು ಮಾಡಿ 1986ರಲ್ಲಿ ಕೊಟ್ಟ ವರದಿ ಇನ್ನೂ ಕಪಾಟಿನಲ್ಲಿದೆಯಲ್ಲ ಎಂದು ಅಸೋಸಿಯೇಷನ್ ಸಭೆಯಲ್ಲಿ ಗುಡುಗಿದೆ. ಪರಿಣಾಮವಾಗಿ ಯಾದಗಿರಿಯ ಹುಡುಗನೊಬ್ಬನನ್ನು ನೇಮಿಸಿಕೊಂಡು, ಒಡಿಶಾದವನ ಕೈಕೆಳಗೆ ಕೆಲಸ ಕಲಿಯಲು ಹಾಕಿದರು. ಮೇಲ್ವಿಚಾರಣೆ ನನ್ನದು. ಹದಿನೈದು ದಿನ ಬಿಟ್ಟು ಏನು ಕಲಿತೆಯಪ್ಪ ಎಂದು ಕೇಳಿದೆ. 'ಬೀಡಿ ಅಂಗಡಿ ಎಲ್ಲೆಲ್ಲಿ ಅದಾವ ಅಂತ ಗೊತ್ತಾತ್ರಿ ಸರ' ಎಂದ.

2024ರ ಜುಲೈನಲ್ಲಿ ನಮ್ಮ ಸಂಪುಟ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಾಗ ನನ್ನಷ್ಟು ಸಂತೋಷಪಟ್ಟವರು ಇರಲಿಕ್ಕಿಲ್ಲ. ಮ್ಯಾನೇಜರ್ ದರ್ಜೆಯಲ್ಲಿ ಶೇ 50, ಅದರ ಕೆಳಗೆ ಶೇ 70. ನಾನು ಓದಿ ಪುಳಕಗೊಂಡದ್ದು ಬೇರೆಯೇ ಒಂದು ಸಾಲನ್ನು: ತಕ್ಕ ಸ್ಥಳೀಯರು ಸಿಗದಿದ್ದರೆ ಕಂಪನಿಗಳು ಮೂರು ವರ್ಷದೊಳಗೆ ಅವರಿಗೆ ತರಬೇತಿ ಕೊಟ್ಟು ಸೇರಿಸಿಕೊಳ್ಳಬೇಕು. ತರಬೇತಿ! ಮೂರು ವರ್ಷ! ಓದುತ್ತ ಓದುತ್ತ ಎಸಿಯ ತಂಪು ಬಂದು ತಾಗಿದ ಹಾಗಾಯಿತು. ತಪ್ಪಿದರೆ ದಂಡ 10,000ದಿಂದ 25,000 ರೂಪಾಯಿ ಎಂದಿತ್ತು. ಹೊರವರ್ತುಲ ರಸ್ತೆಯ ಕಂಪನಿಗಳು ಶುಕ್ರವಾರ ಮಧ್ಯಾಹ್ನದ ಪಿಜ್ಜಾಕ್ಕೆ ಅದಕ್ಕಿಂತ ಹೆಚ್ಚು ಕೊಡುತ್ತವೆ, ಅದೊಂದು ಲೋಪ. ಉದ್ಯಮಿಗಳು ಬೊಬ್ಬೆ ಹಾಕಿದರು, ಪಕ್ಕದ ರಾಜ್ಯದ ಸಚಿವರೊಬ್ಬರು ವಿಶಾಖಪಟ್ಟಣಕ್ಕೆ ಬನ್ನಿ ಎಂದು ತಾಂಬೂಲ ಹಿಡಿದು ನಿಂತರು, ಎರಡೇ ದಿನದಲ್ಲಿ ನಮ್ಮ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು.

ತಡೆಹಿಡಿದದ್ದು ಮತ್ತೆ ಬಿಡುವ ದಿನ ಬಂದೇ ಬರುತ್ತದೆ, ಚುನಾವಣೆಗಳು ಇದ್ದೇ ಇರುತ್ತವೆ. ಆ ದಿನಕ್ಕೆಂದು ನಾನು ಒಂದು ಪ್ರಸ್ತಾವನೆ ಸಿದ್ಧಮಾಡಿ ಇಟ್ಟುಕೊಂಡಿದ್ದೇನೆ. ಸೌದಿಯ ಹಾಗೆ ಇಲ್ಲಿಯೂ ಕಂಪನಿಗಳಿಗೆ ಬಣ್ಣ. ಒಂದೇ ತೊಡಕು: ನನ್ನ ಕಾಲದಲ್ಲಿ ಅಲ್ಲಿ ಹಳದಿ, ಕೆಂಪು ಎಂದರೆ ಫೇಲಾಗಿತ್ತು, ಕರ್ನಾಟಕದಲ್ಲಿ ಹಳದಿ ಕೆಂಪನ್ನು ಫೇಲು ಮಾಡಿದರೆ ನಾನು ನವೆಂಬರ್ ಒಂದರಂದು ಮನೆಯಿಂದ ಹೊರಗೆ ಬರುವಂತಿಲ್ಲ. ಆದ್ದರಿಂದ ಉತ್ತೀರ್ಣರಾದ ಕಂಪನಿಗಳಿಗೆ ಹಳದಿ ಕೆಂಪು, ಅನುತ್ತೀರ್ಣರಿಗೆ ಬಿಳಿ ಎಂದು ಬದಲಿಸಿದ್ದೇನೆ. ತರಬೇತಿ ಕೇಂದ್ರ, ಪ್ರೊಜೆಕ್ಟರು, ಐದು ಮುಖದ ಫಾರಂ, ಎರಡು ಪರೀಕ್ಷೆಯ ಪ್ರಶ್ನೆಪತ್ರಿಕೆ, ಸ್ಪಗೆಟ್ಟಿ, ಎಲ್ಲಕ್ಕೂ ಅಂದಾಜು ವೆಚ್ಚ ಲಗತ್ತಿಸಿದೆ. ಅವಧಿ ಮೂರು ವರ್ಷ, ಅಗತ್ಯ ಬಿದ್ದರೆ ಇನ್ನೂ ಮೂರು, ಅಗತ್ಯವನ್ನು ನಿರ್ಧರಿಸುವ ಅಧಿಕಾರ ಸಲಹೆಗಾರರದ್ದು. ವಕೀಲರಿಗೆ ತೋರಿಸಿ ಒಂಬತ್ತನೇ ಕಲಮನ್ನು ಮಾತ್ರ ಹೊಸದಾಗಿ ಸೇರಿಸಿಕೊಂಡೆ: ತರಬೇತಿಯ ಅವಧಿ ಮುಗಿಯುವ ಮುನ್ನವೇ ಅಭ್ಯರ್ಥಿಗಳಲ್ಲಿ ಯಾರಾದರೂ ಕೆಲಸ ಕಲಿತುಬಿಟ್ಟಲ್ಲಿ, ಅದಕ್ಕೆ ಸಲಹೆಗಾರರು ಯಾವುದೇ ರೀತಿಯಲ್ಲಿ ಹೊಣೆಗಾರರಾಗತಕ್ಕದ್ದಲ್ಲ.